ಪುಟ್ಟ ಡಾರ್ಕ್‌ರೂಮಿಗೆ ದೊಡ್ಡ ಟ್ರೇ

ಮೊದಲು ಅಳತೆ ಹೇಳಿಬಿಡುತ್ತೇನೆ. ಇಡೀ ತಾಪತ್ರಯ ಹುಟ್ಟಿದ್ದೇ ಅಲ್ಲಿಂದ. ನನ್ನ ಡಾರ್ಕ್‌ರೂಮ್, ಅಂದರೆ ಫಿಲ್ಮ್ ನೆಗೆಟಿವಿನಿಂದ ಕಾಗದದ ಮೇಲೆ ಫೋಟೋ ಮೂಡಿಸುವ ಕತ್ತಲೆ ಕೋಣೆ, ಯಾರೂ ಬಳಸದೆ ಬಿಟ್ಟಿದ್ದ ಒಂದು ಬಾತ್‌ರೂಮ್. ಅಗಲ 5 ಅಡಿ, ಉದ್ದ 7 ಅಡಿ. ಒಂದು ನಲ್ಲಿ, ಮೂಲೆಯಲ್ಲಿ ನೀರು ಹೋಗುವ ಕಿಂಡಿ, ಮೇಲೆ ಒಂದು ಎಕ್ಸಾಸ್ಟ್ ಫ್ಯಾನ್. ಬಾಗಿಲು ಒಳಕ್ಕೆ ತೆರೆಯುತ್ತದೆ. ಹೊರಗಿನ ದಾರಿ ಕಿರಿದು, ಹಾಗಾಗಿ ಅದನ್ನು ಹೊರಕ್ಕೆ ತಿರುಗಿಸುವ ಮಾತೇ ಇಲ್ಲ. ಒಂದು ಉದ್ದದ ಗೋಡೆಗೆ 2 ಅಡಿ ಅಗಲದ ಟೇಬಲ್, ಅದರ ಮೇಲೆ ನೆಗೆಟಿವಿನ ಚಿತ್ರವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್ಲಾರ್ಜರ್. ಎದುರು ಗೋಡೆಗೆ ಒಂದು ಹಲಗೆ, ಹಲಗೆಯ ಮೇಲೆ ಮೂರು ದ್ರಾವಣಗಳ ಟ್ರೇ ಸಾಲಾಗಿ: ಚಿತ್ರ ಮೂಡಿಸುವ ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್. 8×10 ಇಂಚಿನ ಪ್ರಿಂಟ್ ಮಾಡುವಷ್ಟು ಕಾಲ ಯಾವ ತೊಂದರೆಯೂ ಇರಲಿಲ್ಲ.

ಆಮೇಲೆ 16×20 ಮಾಡುವ ಆಸೆ ಬಂತು. ಬಂದೇ ಬರುತ್ತದೆ ಬಿಡಿ. ಒಳ್ಳೆಯ ನೆಗೆಟಿವ್ ಒಂದು ಸಿಕ್ಕಿದರೆ ಅದನ್ನು ದೊಡ್ಡದಾಗಿ ನೋಡಬೇಕು ಅನ್ನಿಸುವುದು ಸಹಜ.

ಎನ್ಲಾರ್ಜರ್ ತಕರಾರು ಮಾಡಲಿಲ್ಲ. 35 ಮಿ.ಮೀ. ನೆಗೆಟಿವನ್ನು 16×20ಕ್ಕೆ ಹಿಗ್ಗಿಸಬೇಕಾದರೆ ಸುಮಾರು 17 ಪಟ್ಟು. 50 ಮಿ.ಮೀ. ಲೆನ್ಸಿನಲ್ಲಿ ನೆಗೆಟಿವಿನಿಂದ ಕಾಗದದವರೆಗೆ ಹೆಚ್ಚುಕಡಿಮೆ 95 ಸೆಂ.ಮೀ. ಬೇಕು. ನನ್ನದರ ಕಂಬ ಅಷ್ಟು ಎತ್ತರ ಏರುತ್ತದೆ. ಕಂಬ ಗಿಡ್ಡ ಇರುವವರು ತಲೆಯನ್ನು ಹಿಂದಕ್ಕೆ ತಿರುಗಿಸಿ, ಬೇಸ್‌ಬೋರ್ಡಿನ ಮೇಲೆ ಭಾರ ಹೇರಿ, ನೆಲದ ಮೇಲೆ ಬಿಂಬ ಬೀಳಿಸುತ್ತಾರೆ. ಅದು ಬೇರೆಯೇ ಕಥೆ.

ಜಗಳ ಇದ್ದದ್ದೆಲ್ಲ ಟ್ರೇಗಳ ಜೊತೆ. 16×20 ಟ್ರೇ ಅನ್ನುವಾಗ ಅದು ಒಳಗೆ ಮಲಗುವ ಹಾಳೆಯ ಅಳತೆ. ಹಾಳೆಯ ಸುತ್ತ ಬೆರಳು ಆಡಲು ಜಾಗ, ಓರೆಯಾದ ಗೋಡೆ, ಮಡಿಸಿದ ಅಂಚು ಎಲ್ಲ ಸೇರಿ ನನ್ನ ಟ್ರೇ ಹೊರಗಿನಿಂದ 19×23 ಇಂಚು ಬರುತ್ತದೆ. ಅಗಲವನ್ನು ಗೋಡೆಗುಂಟ ಇಟ್ಟರೂ ಮೂರಕ್ಕೆ 57 ಇಂಚು ಬೇಕು. ಗೋಡೆಯ ಉದ್ದ 84 ಇಂಚು, ಅದರಲ್ಲಿ ಬಾಗಿಲು ತಿರುಗಲು 28 ಹೋದರೆ ಉಳಿಯುವುದು 56. ಒಂದೇ ಒಂದು ಇಂಚಿಗೆ ಕೈಕೊಟ್ಟಿತು. ಹೇಗೋ ತುರುಕಿದರೂ ಸುಖವಿಲ್ಲ. ಟ್ರೇ 23 ಇಂಚು, ಟೇಬಲ್ 24 ಇಂಚು ನುಂಗಿದ ಮೇಲೆ ನಾನು ನಿಲ್ಲಲು ಸಿಗುವುದು 13 ಇಂಚು. ಅಡ್ಡಡ್ಡ ನಡೆಯಬೇಕು. ಕತ್ತಲಲ್ಲಿ, ಒದ್ದೆ ಕೈಯಲ್ಲಿ.

ಸಾಲಾಗಿ ಇಡಲು ಆಗದಿದ್ದರೆ ಇರುವ ದಾರಿಗಳು ಕೆಲವೇ.

ಒಂದೇ ಟ್ರೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭ. ದ್ರಾವಣಗಳನ್ನು ಜಗ್ಗುಗಳಲ್ಲಿ ತುಂಬಿಟ್ಟು, ಒಂದನ್ನು ಸುರಿದು, ಸಮಯವಾದ ಮೇಲೆ ಟ್ರೇಯ ಮೂಲೆಯಿಂದ ವಾಪಸ್ ಜಗ್ಗಿಗೆ ಬಗ್ಗಿಸಿ, ಮುಂದಿನದನ್ನು ಸುರಿಯುವುದು. ಬಗ್ಗಿಸುವಾಗ ಹಾಳೆ ಟ್ರೇಯ ತಳಕ್ಕೆ ಅಂಟಿಕೊಂಡಿರುತ್ತದೆ, ಜಾರುವುದಿಲ್ಲ. ಸಂಜೆಗೆ ಎರಡು ಮೂರು ಪ್ರಿಂಟ್ ಸಾಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಒಂದೇ ಷರತ್ತು: ಫಿಕ್ಸರ್ ಆದ ಮೇಲೆ ಟ್ರೇಯನ್ನು ಚೆನ್ನಾಗಿ ತೊಳೆಯಬೇಕು. ಉಳಿದ ಫಿಕ್ಸರ್ ಮುಂದಿನ ಸುತ್ತಿನಲ್ಲಿ ಡೆವಲಪರಿಗೆ ಸೇರಿದರೆ ಅದು ಕೆಡುತ್ತದೆ. ನಾನು ಸ್ವಲ್ಪ ಕಾಲ ಹೀಗೇ ಮಾಡಿದೆ. ಪ್ರಿಂಟ್ ಚೆನ್ನಾಗಿಯೇ ಬಂದವು. ಆದರೆ ಎಷ್ಟು ಬೆಳಕು ಬೇಕು ಅಂತ ನೋಡಲು ಕಾಗದದ ಒಂದು ಚೂರು, ಅಂದರೆ ಟೆಸ್ಟ್ ಸ್ಟ್ರಿಪ್, ಅದರ ಮೇಲೆ ಇನ್ನೊಂದು, ಆಮೇಲೆ ಪೂರ್ತಿ ಹಾಳೆ ಅಂತ ಮಾಡುವವನಿಗೆ ಪ್ರತಿ ಸಲ ಸುರಿದು ಬಗ್ಗಿಸುವುದೇ ಒಂದು ಉದ್ಯೋಗ ಆಗುತ್ತದೆ.

ಡ್ರಮ್ ಇನ್ನೊಂದು. ಹಾಳೆಯನ್ನು ಸುರುಳಿ ಮಾಡಿ ಒಳಗಿಟ್ಟು ಮುಚ್ಚಿದರೆ ದೀಪ ಹಾಕಿಕೊಂಡೇ ಕೆಲಸ ಮಾಡಬಹುದು. ದ್ರಾವಣವೂ ಕಡಿಮೆ ಸಾಕು. ಆದರೆ ಚಿತ್ರ ಮೂಡುವುದು ಕಾಣುವುದಿಲ್ಲ. ಅದನ್ನು ನೋಡಲಿಕ್ಕಲ್ಲದಿದ್ದರೆ ಈ ಉಸಾಬರಿ ಯಾಕೆ ಅನ್ನುವ ಜಾತಿ ನಾನು. ನೋವಾ ಥರದ ನಿಂತ ಸ್ಲಾಟ್ ಪ್ರೊಸೆಸರ್ ನಿಜಕ್ಕೂ ಜಾಣ ವಸ್ತು. ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಕಿರಿದಾದ ಸೀಳಿನೊಳಗೆ ಇಳಿಬಿಡುವುದು. ನೆಲದ ಮೇಲೆ ಜಾಗ ತೀರಾ ಕಡಿಮೆ, ಗಾಳಿಗೆ ತೆರೆದ ಮೇಲ್ಮೈ ಚಿಕ್ಕದು, ಹಾಗಾಗಿ ಡೆವಲಪರ್ ಬೇಗ ಹಳಸುವುದಿಲ್ಲ. ದೊಡ್ಡ ಅಳತೆಯದು ಕೈಗೆಟುಕಿದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ನನಗೆ ಎಟುಕಲಿಲ್ಲ.

ಉಳಿದದ್ದು ಟ್ರೇಗಳನ್ನು ಒಂದರ ಮೇಲೊಂದು ಅಟ್ಟಣಿಗೆಯಂತೆ ಇಡುವುದು.

ಅಟ್ಟಣಿಗೆ ಅಂದ ತಕ್ಷಣ ಎಲ್ಲರೂ ಟ್ರೇಯ ಅಳತೆ ಹಿಡಿದು ಹೊರಡುತ್ತಾರೆ. ಅಳೆಯಬೇಕಾದದ್ದು ಹಾಳೆಯ ಓಡಾಟವನ್ನು. ಒದ್ದೆ ಹಾಳೆಯನ್ನು ಒಂದು ದ್ರಾವಣದಿಂದ ಇನ್ನೊಂದಕ್ಕೆ ಹಾಕುವ ಮೊದಲು ಒಂದು ಮೂಲೆ ಹಿಡಿದು ಮೇಲೆತ್ತಿ, 10–15 ಸೆಕೆಂಡು ಸೋರಲು ಬಿಡಬೇಕು ಅಲ್ವಾ? ಮೂಲೆ ಹಿಡಿದಾಗ 16×20 ಹಾಳೆಯ ಎತ್ತರ 20 ಇಂಚಲ್ಲ, ಮೂಲೆಯಿಂದ ಮೂಲೆಗೆ ಸುಮಾರು 26 ಇಂಚು. ಅಂದರೆ ಪ್ರತಿ ಟ್ರೇಯ ಮೇಲೂ ಎರಡಡಿಗಿಂತ ಜಾಸ್ತಿ ಖಾಲಿ ಜಾಗ ಬೇಕು. ಮೂರು ಟ್ರೇಗೆ ಹಾಗೆ ಬಿಡುತ್ತಾ ಹೋದರೆ ಮೇಲಿನದು ತಲೆಗಿಂತ ಮೇಲೆ ಹೋಗುತ್ತದೆ. ಡೆವಲಪರ್ ಕಣ್ಣಿನ ಮಟ್ಟದಲ್ಲಿ ಇರಲೇಬಾರದು. ಎರಚಿದರೆ ನೇರ ಮುಖಕ್ಕೆ.

ಇದನ್ನು ಬಗೆಹರಿಸಿಕೊಳ್ಳಲು ಮರ ಕೊಯ್ಯುವ ಮೊದಲು ರಟ್ಟು ಕತ್ತರಿಸಿದೆ. 19×23ರ ಮೂರು ರಟ್ಟು, ಅವನ್ನು ಎತ್ತಿ ನಿಲ್ಲಿಸಲು ಖಾಲಿ ಪೆಟ್ಟಿಗೆಗಳು, ಜೊತೆಗೆ ಹಾಳಾದ ಒಂದು ದೊಡ್ಡ ಪ್ರಿಂಟನ್ನು ನೀರಲ್ಲಿ ನೆನೆಸಿ ಕೈಯಲ್ಲಿ ಹಿಡಿದುಕೊಂಡೆ. ದೀಪ ಹಾಕಿಕೊಂಡು ಪೂರ್ತಿ ಕೆಲಸದ ನಾಟಕ ಆಡಿದೆ. ಎನ್ಲಾರ್ಜರಿನಿಂದ ಮೊದಲ ರಟ್ಟಿಗೆ, ಅಲ್ಲಿಂದ ಎರಡನೆಯದಕ್ಕೆ, ಮೂರನೆಯದಕ್ಕೆ. ಆಮೇಲೆ ಕಣ್ಣು ಮುಚ್ಚಿಕೊಂಡು ಅದನ್ನೇ. ಒಣ ಹಾಳೆ ಇಟ್ಟುಕೊಂಡು ಇದನ್ನು ಮಾಡಿದರೆ ಏನೂ ತಿಳಿಯುವುದಿಲ್ಲ. ಒದ್ದೆ ಹಾಳೆಯ ಗುಣವೇ ಬೇರೆ. ಮೂಲೆ ಹಿಡಿದು ಎತ್ತಿದಾಗ ಮೊದಲು ನೀರು ಹಾಳೆಯ ಮೇಲೆಲ್ಲ ಪೊರೆಯಾಗಿ ಜಾರುತ್ತದೆ. ಕೆಳಮೂಲೆಯಲ್ಲಿ ಧಾರೆಯಾಗುತ್ತದೆ, ಧಾರೆ ತೆಳುವಾಗಿ ದಾರವಾಗುತ್ತದೆ, ದಾರ ಕಡಿದು ಹನಿಯಾಗುತ್ತದೆ. ಹನಿಗಳ ನಡುವೆ ಒಂದು ಎಣಿಕೆಯಷ್ಟು ಬಿಡುವು ಬಂದಾಗ ಮುಂದಿನ ಟ್ರೇಗೆ ಹಾಕಬಹುದು. ಅಷ್ಟರಲ್ಲಿ ಹಾಳೆ ತನ್ನ ಭಾರಕ್ಕೆ ತಾನೇ ತಿರುಗಲು ಶುರುಮಾಡುತ್ತದೆ. ತಿರುಗಿ ಮೇಲಿನ ಹಲಗೆಯ ಅಂಚಿಗೆ ತಾಗಿತೋ, ಅಂಟಿಕೊಳ್ಳುತ್ತದೆ. ಬಿಡಿಸಿದರೆ ಎಮಲ್ಶನ್, ಅಂದರೆ ಚಿತ್ರ ಮೂಡುವ ಪದರದ ಮೇಲೆ ಗೀರು.

ಹಲಗೆಗಳನ್ನು ಮೆಟ್ಟಿಲಿನಂತೆ ಹಿಂದೆ ಮುಂದೆ ಜೋಡಿಸುವುದು ಒಂದು ಪರಿಹಾರ. ಆದರೆ ಕೆಳಗಿನ ಮೆಟ್ಟಿಲು ಮುಂದೆ ಬಂದಷ್ಟೂ ನೆಲ ಹೋಗುತ್ತದೆ. ಸಾಲಾಗಿ ಇಟ್ಟದ್ದಕ್ಕೂ ಇದಕ್ಕೂ ಆಮೇಲೆ ವ್ಯತ್ಯಾಸ ಉಳಿಯುವುದಿಲ್ಲ. ಹಾಗಾಗಿ ಕೆಳಗಿನ ಎರಡನ್ನು ಎಳೆಯುವ ಡ್ರಾಯರ್ ಮಾಡಿದೆ. ಬೇಕಾದಾಗ ಮಾತ್ರ ಹೊರಗೆ ಬರುತ್ತವೆ. ಹೊರಗೆ ಬಂದ ಟ್ರೇಯ ಮೇಲೆ ಚಾವಣಿಯವರೆಗೂ ಖಾಲಿ ಜಾಗ.

ಈ ಅಟ್ಟಣಿಗೆಯನ್ನು ಉದ್ದದ ಗೋಡೆಗೆ ಇಡಲು ಆಗಲಿಲ್ಲ. ಡ್ರಾಯರ್ ಎಳೆದರೆ ಎದುರಿನ ಟೇಬಲ್ಲಿಗೆ ಬಡಿಯುತ್ತದೆ. ಬಾಗಿಲಿನ ಎದುರಿನ ಗಿಡ್ಡ ಗೋಡೆಗೆ, ಟೇಬಲ್ಲಿನ ಪಕ್ಕಕ್ಕೆ ನಿಲ್ಲಿಸಿದೆ. ಟ್ರೇಯ ಉದ್ದದ ಬದಿ ನನ್ನ ಕಡೆಗೆ. ಆಗ ಅಟ್ಟಣಿಗೆಯ ಆಳ 20 ಇಂಚು, ಡ್ರಾಯರ್ ಪೂರ್ತಿ ಹೊರಗೆ ಬಂದರೆ ಇನ್ನೊಂದು 19. ನನಗೆ ನಿಲ್ಲಲು ಬಾಗಿಲಿನವರೆಗೆ ಮೂರೂಮುಕ್ಕಾಲು ಅಡಿ. ಇಷ್ಟು ಜಾಗ ಈ ಕೋಣೆಯಲ್ಲೇ ಇತ್ತು ಅಂತ ನಂಬುವುದೇ ಕಷ್ಟ.

ಮೇಲೆ ಡೆವಲಪರ್, ನೆಲದಿಂದ 38 ಇಂಚು. ನಡುವೆ ಸ್ಟಾಪ್, 28. ಕೆಳಗೆ ಫಿಕ್ಸರ್, 18. ಈ ಕ್ರಮದಲ್ಲಿ ಚೌಕಾಸಿ ಇಲ್ಲ. ಡೆವಲಪರ್ ಹನಿ ಸ್ಟಾಪಿಗೆ ಬಿದ್ದರೆ ಅದು ಹೇಗೂ ಹಾಳೆಯ ಜೊತೆ ಅಲ್ಲಿಗೇ ಹೋಗುವುದು. ಸ್ಟಾಪ್ ಫಿಕ್ಸರಿಗೆ ಬಿದ್ದರೂ ಅಷ್ಟೇ. ಫಿಕ್ಸರ್ ಮೇಲಿದ್ದು ಡೆವಲಪರಿಗೆ ತೊಟ್ಟಿಕ್ಕಿದರೆ ಮಾತ್ರ ಸಂಜೆ ಮುಗಿದ ಹಾಗೆ.

ಡ್ರಾಯರಿಗೆ ಸ್ಟೀಲ್ ಚಾನೆಲ್ ಹಾಕಲಿಲ್ಲ. ಫಿಕ್ಸರ್ ತಾಗಿದ ಕಬ್ಬಿಣದ ಗತಿ ಏನಾಗುತ್ತದೆ ಅಂತ ಹಳೆಯ ಸ್ಟುಡಿಯೋಗಳನ್ನು ನೋಡಿದವರಿಗೆ ಗೊತ್ತು. ಮರದ ಪಟ್ಟಿಯ ಮೇಲೆ ಮರದ ಡ್ರಾಯರ್, ಉಜ್ಜುವ ಕಡೆ ಮೇಣದ ಬತ್ತಿ ತಿಕ್ಕಿದ್ದೇನೆ. ಮಿಕ್ಕ ಮರಕ್ಕೆಲ್ಲ ವಾರ್ನಿಷ್. ಸರಾಗವಾಗಿ ಜಾರುತ್ತದೆ, ಆದರೆ ಜೋರಾಗಿ ಜಾರುವುದಿಲ್ಲ. ಅದೇ ಬೇಕಾಗಿದ್ದದ್ದು. ದ್ರಾವಣ ತುಂಬಿದ ಟ್ರೇಯನ್ನು ರಪ್ಪನೆ ಎಳೆದರೆ ಅಲೆ ಎದ್ದು ಹಿಂದಿನ ಅಂಚು ದಾಟುತ್ತದೆ. ಎಳೆಯಲು ಶುರುಮಾಡುವಾಗ ನಿಧಾನ, ನಡುವೆ ಬೇಗ, ನಿಲ್ಲಿಸುವಾಗ ಮತ್ತೆ ನಿಧಾನ. ಕೈ ಬೇಗ ಕಲಿತುಕೊಳ್ಳುತ್ತದೆ.

ಮಟ್ಟಗೋಲು ಇಲ್ಲದೆ ಇದನ್ನು ಮಾಡಬೇಡಿ. ನನ್ನ ಟ್ರೇಯ ಒಳ ಅಳತೆ ಹೆಚ್ಚುಕಡಿಮೆ 43×53 ಸೆಂ.ಮೀ. ಅದರಲ್ಲಿ ದ್ರಾವಣ ಒಂದು ಸೆಂ.ಮೀ. ಆಳ ನಿಲ್ಲಬೇಕಾದರೆ ಸುಮಾರು 2.3 ಲೀಟರ್ ಬೇಕು. 8×10 ಟ್ರೇಗೆ ಒಂದು ಲೀಟರ್ ಸುರಿದು ಅಭ್ಯಾಸ ಆಗಿರುವವರಿಗೆ ಇದು ಮೊದಲ ಆಘಾತ. ಹಲಗೆ ಒಂದು ಕಡೆ ಅರ್ಧ ಸೆಂ.ಮೀ. ತಗ್ಗಿದ್ದರೆ ಸಾಕು, ಆಳದ ಲೆಕ್ಕ ಎಲ್ಲಾ ತಲೆಕೆಳಗು. ಎತ್ತರದ ಕಡೆ ದ್ರಾವಣ ತೆಳುವಾಗುತ್ತದೆ, ಹಾಳೆ ಸ್ವಲ್ಪ ಸುರುಳಿದರೂ ಆ ಅಂಚು ಹೊರಗೆ ತಲೆ ಎತ್ತುತ್ತದೆ. ಬಾತ್‌ರೂಮಿನ ನೆಲ ಕಿಂಡಿಯ ಕಡೆಗೆ ಇಳಿಜಾರು ಇರುತ್ತದೆ ಅನ್ನುವುದನ್ನು ಮರೆಯುವ ಹಾಗಿಲ್ಲ. ಅಟ್ಟಣಿಗೆಯ ನಾಲ್ಕು ಕಾಲೂ ನಾಲ್ಕು ಉದ್ದ ಇವೆ. ನಾನು ಒಂದು ಟ್ರೇಗೆ 3 ಲೀಟರ್ ಹಾಕುತ್ತೇನೆ. ಜಿಪುಣತನ ಮಾಡಿದರೆ ಹಾಳೆಯ ಮೇಲೆ ದ್ರಾವಣ ಒಂದೇ ಸಮನೆ ಹರಡುವುದಿಲ್ಲ, ಆಕಾಶ ಇರುವ ಕಡೆ ಪಟ್ಟೆ ಪಟ್ಟೆ ಕಾಣುತ್ತದೆ.

ಈಗ ಕೆಲಸ ನಡೆಯುವ ರೀತಿ. ಡೆವಲಪರ್ ಟ್ರೇ ಮೇಲೆ ತೆರೆದೇ ಇದೆ, ಅದಕ್ಕೆ ಡ್ರಾಯರ್ ಬೇಕಿಲ್ಲ. ಹಾಳೆಯನ್ನು ಒಂದು ಅಂಚಿನಿಂದ ಒಳಗೆ ಜಾರಿಸುತ್ತೇನೆ. ದೊಡ್ಡ ಹಾಳೆಯನ್ನು ಚಪ್ಪಟೆಯಾಗಿ ಮೇಲಿನಿಂದ ಇಟ್ಟರೆ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಟ್ರೇಯ ಮುಂದಿನ ಅಂಚನ್ನು ಎರಡು ಬೆರಳಿನಷ್ಟು ಎತ್ತಿ ಇಳಿಸುತ್ತೇನೆ. ಇಷ್ಟು ದೊಡ್ಡ ಟ್ರೇಯಲ್ಲಿ ಅಲೆ ಆ ತುದಿ ಮುಟ್ಟಿ ವಾಪಸ್ ಬರಲು ಹೊತ್ತು ಹಿಡಿಯುತ್ತದೆ. ಅದು ಬರುವ ತಾಳಕ್ಕೆ ಸರಿಯಾಗಿ ಮತ್ತೆ ಮತ್ತೆ ಎತ್ತಿದರೆ ಅಲೆ ಬೆಳೆಯುತ್ತಾ ಹೋಗಿ ಹೊರಗೆ ಚೆಲ್ಲುತ್ತದೆ. ಸುಮ್ನೆ ತಾಳ ತಪ್ಪಿಸಬೇಕು. ಒಂದು ಸಲ ಮುಂದಿನ ಅಂಚು, ಒಂದು ಸಲ ಪಕ್ಕದ್ದು.

ಪ್ಲಾಸ್ಟಿಕ್ ಲೇಪದ ಆರ್‌ಸಿ ಕಾಗದಕ್ಕೆ 20 ಡಿಗ್ರಿಯಲ್ಲಿ ಒಂದು ನಿಮಿಷ, ಆ ಲೇಪವಿಲ್ಲದೆ ನೀರು ಹೀರುವ ಫೈಬರ್ ಕಾಗದಕ್ಕೆ ಎರಡರ ಮೇಲೆ. ಆಮೇಲೆ ಬಲಗೈಯಲ್ಲಿ ಮೂಲೆ ಹಿಡಿದು ಎತ್ತಿ ಸೋರಿಸುತ್ತೇನೆ. ಎಡಗೈಯಿಂದ ಸ್ಟಾಪ್ ಡ್ರಾಯರ್ ಎಳೆದು ಒಂದು ಹೆಜ್ಜೆ ಹಿಂದೆ ಸರಿದು ಹಾಳೆ ಇಳಿಸುತ್ತೇನೆ. ಸ್ಟಾಪಿನಲ್ಲಿ ಅರ್ಧ ನಿಮಿಷ. ಮತ್ತೆ ಎತ್ತಿ, ಸೋರಿಸಿ, ತೊಡೆಯಿಂದ ಆ ಡ್ರಾಯರನ್ನು ಒಳಗೆ ನೂಕುತ್ತೇನೆ. ಅದು ಹೊರಗಿದ್ದರೆ ಕೆಳಗಿನದು ಸಿಗುವುದಿಲ್ಲ. ಫಿಕ್ಸರ್ ಡ್ರಾಯರಿಗೆ ಬಗ್ಗಬೇಕಾಗುತ್ತದೆ, ಆಗ ಕೈಯಲ್ಲಿರುವ ಹಾಳೆ ನೆಲಕ್ಕೆ ತಾಗುತ್ತದೆ. ಅದಕ್ಕೆ ಡ್ರಾಯರಿಗೆ ಒಂದು ಹಗ್ಗದ ಕುಣಿಕೆ ಕಟ್ಟಿದ್ದೇನೆ. ಶೂ ತುದಿಯನ್ನು ಕುಣಿಕೆಗೆ ಸಿಕ್ಕಿಸಿ ಹಿಂದಕ್ಕೆ ಎಳೆದರೆ ಟ್ರೇ ಹೊರಗೆ ಬರುತ್ತದೆ. ನೋಡುವವರಿಗೆ ನಗು ಬರಬಹುದು. ಕತ್ತಲಲ್ಲಿ ನೋಡುವವರು ಯಾರು?

ಡ್ರಾಯರಿನಿಂದ ಒಂದು ಅನಿರೀಕ್ಷಿತ ಲಾಭವೂ ಆಯಿತು. ಹಲಗೆಗಳ ನಡುವೆ ಟ್ರೇಯನ್ನು ಎತ್ತಿ ಅಲುಗಾಡಿಸಲು ಜಾಗ ಇರುವುದಿಲ್ಲ. ಆದರೆ ಡ್ರಾಯರನ್ನೇ ಒಂದಿಂಚು ಹಿಂದೆ ಮುಂದೆ ಆಡಿಸಿದರೆ ಒಳಗಿನ ದ್ರಾವಣ ತಾನಾಗಿಯೇ ಓಡಾಡುತ್ತದೆ. ಕಾಲಲ್ಲೇ ಮಾಡಬಹುದು. ಫಿಕ್ಸರಿನಲ್ಲಿ ಹಾಳೆ ಇರುವಾಗ ಕಾಲು ತನ್ನ ಪಾಡಿಗೆ ಕುಣಿಕೆ ಆಡಿಸುತ್ತಿರುತ್ತದೆ, ಕೈ ಮುಂದಿನ ನೆಗೆಟಿವಿನ ಧೂಳು ಒರೆಸುತ್ತಿರುತ್ತದೆ.

ಚಿಮುಟದ ಬಗ್ಗೆ ಒಂದು ಮಾತು. 8×10ಕ್ಕೆ ಸರಿ. ಈ ಅಳತೆಯ ಫೈಬರ್ ಹಾಳೆಯನ್ನು ಚಿಮುಟದಲ್ಲಿ ಎತ್ತಿದರೆ ನೀರು ಕುಡಿದ ಭಾರಕ್ಕೆ ಹಿಡಿದ ಜಾಗದಲ್ಲೇ ಮಡಿಕೆ ಬೀಳುತ್ತದೆ. ಅರ್ಧಚಂದ್ರದ ಹಾಗೆ ಒಂದು ಗುರುತು, ಒಣಗಿದ ಮೇಲೂ ಹೋಗುವುದಿಲ್ಲ. ನೈಟ್ರೈಲ್ ಗ್ಲೌಸ್ ಹಾಕಿಕೊಂಡು ಕೈಯಲ್ಲೇ ಹಿಡಿಯುವುದು ವಾಸಿ. ಬರಿಗೈ ಬೇಡ. ಡೆವಲಪರಿನಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಒಮ್ಮೆ ಅಲರ್ಜಿ ಶುರುವಾದರೆ ಬೆನ್ನು ಬಿಡುವುದಿಲ್ಲ. ಬಲಗೈ ಒದ್ದೆ, ಎಡಗೈ ಒಣ ಅನ್ನುವುದು ನನ್ನ ನಿಯಮ. ಟೈಮರ್, ಎನ್ಲಾರ್ಜರ್, ಕಾಗದದ ಪೊಟ್ಟಣ ಎಲ್ಲ ಎಡಗೈಯದು. ಫೈಬರ್ ಹಾಳೆಗೆ ಎರಡೂ ಕೈ ಬೇಕಾದಾಗ ಗ್ಲೌಸ್ ಬದಲಿಸುತ್ತೇನೆ. ಟೇಬಲ್ಲಿನ ಅಂಚಿಗೆ ಒಂದಡಿ ಎತ್ತರದ ಅಕ್ರಿಲಿಕ್ ತಡೆ ನಿಲ್ಲಿಸಿದ್ದೇನೆ. ಅಟ್ಟಣಿಗೆ ಅಷ್ಟು ಹತ್ತಿರ ಇರುವಾಗ ಹನಿ ಹಾರುವುದು ಖಂಡಿತ, ಆ ಕಡೆ ಇರುವುದು ಕರೆಂಟು.

ಸೇಫ್‌ಲೈಟ್, ಅಂದರೆ ಕಾಗದವನ್ನು ಕೆಡಿಸದ ಮಂದ ಬಣ್ಣದ ದೀಪದ ಜಾಗವನ್ನೂ ಬದಲಿಸಬೇಕಾಯಿತು. ಮೊದಲು ಅದು ಗಿಡ್ಡ ಗೋಡೆಯ ಮೇಲಿತ್ತು, ಅಂದರೆ ಈಗ ಡೆವಲಪರ್ ಇರುವ ಜಾಗದ ನೆತ್ತಿಗೆ. ಸಾಮಾನ್ಯವಾಗಿ ಕಾಗದದಿಂದ 4 ಅಡಿ ದೂರ ಇರಲಿ ಅನ್ನುತ್ತಾರೆ. ಬಾಗಿಲಿನ ಮೇಲಕ್ಕೆ ಒಯ್ದು ಚಾವಣಿಯ ಕಡೆಗೆ ತಿರುಗಿಸಿದೆ. ಬೆಳಕು ಚಾವಣಿಗೆ ಬಡಿದು ಕೆಳಗೆ ಬರುತ್ತದೆ. ಕೆಳಗಿನ ಟ್ರೇ ಸರಿಯಾಗಿ ಕಾಣುವುದಿಲ್ಲ ನಿಜ, ಫಿಕ್ಸರಿನಲ್ಲಿ ನೋಡುವಂಥದ್ದು ಏನೂ ಇಲ್ಲ. ಬೆಳಕು ಸುರಕ್ಷಿತವೋ ಅಂತ ನಾಣ್ಯ ಇಟ್ಟು ಪರೀಕ್ಷೆ ಮಾಡಿದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಬೆಳಕೇ ಕಾಣದ ಹಾಳೆಯ ಮೇಲೆ ನಾಣ್ಯ ಇಟ್ಟು ನೋಡಿದರೆ ಸಾಲದು. ಮೊದಲು ಎನ್ಲಾರ್ಜರಿನಿಂದ ತಿಳಿ ಬೂದು ಬರುವಷ್ಟು ಬೆಳಕು ಕೊಟ್ಟು, ಆಮೇಲೆ ನಾಣ್ಯ ಇಟ್ಟು, ಸೇಫ್‌ಲೈಟಿನಡಿ ಏಳೆಂಟು ನಿಮಿಷ ಬಿಡಬೇಕು. ಒಮ್ಮೆ ಬೆಳಕು ಕಂಡ ಕಾಗದ ಇನ್ನಷ್ಟು ಬೆಳಕಿಗೆ ಬೇಗ ಓಗೊಡುತ್ತದೆ. ಡೆವಲಪ್ ಮಾಡಿದಾಗ ನಾಣ್ಯದ ಗುರುತು ಕಾಣದಿದ್ದರೆ ನಿಶ್ಚಿಂತೆ.

ವಾಸನೆಯ ವಿಷಯ ಸಣ್ಣದಲ್ಲ. ಟ್ರೇ ದೊಡ್ಡದಾದಷ್ಟೂ ಗಾಳಿಗೆ ತೆರೆದ ಮೇಲ್ಮೈ ದೊಡ್ಡದು, ಕೋಣೆ ಮಾತ್ರ ಅದೇ. ಅಸಿಟಿಕ್ ಆಸಿಡ್ ಸ್ಟಾಪ್ ಬಿಟ್ಟು ಸಿಟ್ರಿಕ್ ಆಸಿಡ್ಡಿನದಕ್ಕೆ ಬದಲಾಯಿಸಿದೆ, ಅರ್ಧ ಘಾಟು ಅಲ್ಲಿಗೇ ಹೋಯಿತು. ಫ್ಯಾನ್ ಇರುವುದು ಅಟ್ಟಣಿಗೆಯ ಮೇಲೆ. ಗಾಳಿ ಬಾಗಿಲಿನ ಕೆಳಗಿನಿಂದ ಬಂದು, ನನ್ನನ್ನು ದಾಟಿ, ಟ್ರೇಗಳ ಮೇಲೆ ಹಾದು ಹೊರಗೆ ಹೋಗುತ್ತದೆ. ಫ್ಯಾನ್ ನನ್ನ ಬೆನ್ನ ಹಿಂದೆ ಇದ್ದಿದ್ದರೆ ಎಲ್ಲ ಹಬೆಯೂ ನನ್ನ ಮೂಗನ್ನು ದಾಟಿಯೇ ಹೋಗಬೇಕಿತ್ತು. ಬಾಗಿಲಿನ ಕೆಳಗೆ ಗಾಳಿ ಬರಬೇಕು, ಬೆಳಕು ಬರಬಾರದು. ಕಪ್ಪು ಬಳಿದ ಎರಡು ಪಟ್ಟಿಗಳನ್ನು ಒಂದರ ಹಿಂದೊಂದು ಎಡಬಲ ಮಾಡಿ ಹೊಡೆದಿದ್ದೇನೆ. ಗಾಳಿ ಬಳಸಿಕೊಂಡು ಬರುತ್ತದೆ, ಬೆಳಕಿಗೆ ಆ ವಿದ್ಯೆ ಗೊತ್ತಿಲ್ಲ.

ಫಿಕ್ಸರ್ ಆದ ಪ್ರಿಂಟುಗಳು ಕಿಂಡಿಯ ಪಕ್ಕ ನೆಲದ ಮೇಲೆ ಇಟ್ಟ ನೀರಿನ ಟ್ರೇಯಲ್ಲಿ ಕಾಯುತ್ತವೆ. ತೊಳೆಯುವ ಕೆಲಸ ಅಲ್ಲಿ ಇಟ್ಟುಕೊಂಡಿಲ್ಲ. ಕೊನೆಯಲ್ಲಿ ಎಲ್ಲವನ್ನೂ ದೊಡ್ಡ ಸಿಂಕಿಗೆ ಸಾಗಿಸುತ್ತೇನೆ. ಆರ್‌ಸಿಗೆ ಹರಿಯುವ ನೀರಲ್ಲಿ ಎರಡು ನಿಮಿಷ ಸಾಕು. ಫೈಬರಿಗೆ ಬರೀ ನೀರಾದರೆ ಒಂದು ಗಂಟೆ. ಫಿಕ್ಸರನ್ನು ಬೇಗ ಬಿಡಿಸುವ ವಾಶ್ ಏಡ್ ದ್ರಾವಣ ಬಳಸಿದರೆ ಐದು ನಿಮಿಷ ನೀರು, ಹತ್ತು ನಿಮಿಷ ವಾಶ್ ಏಡ್, ಮತ್ತೆ ಐದು ನಿಮಿಷ ನೀರು.

ಟ್ರೇ ಖಾಲಿ ಮಾಡುವಾಗ ಎಚ್ಚರ. 3 ಲೀಟರ್ ತುಂಬಿದ ಪ್ಲಾಸ್ಟಿಕ್ ಟ್ರೇಯನ್ನು ಎರಡು ತುದಿ ಹಿಡಿದು ಎತ್ತಿದರೆ ನಡು ಬಾಗುತ್ತದೆ, ದ್ರಾವಣವೆಲ್ಲ ನಡುವಿಗೆ ಓಡುತ್ತದೆ, ಟ್ರೇ ಇನ್ನೂ ಬಾಗುತ್ತದೆ. ಮಗ್ಗಿನಿಂದ ಅರ್ಧಕ್ಕಿಂತ ಜಾಸ್ತಿ ತೋಡಿಕೊಂಡ ಮೇಲೇ ಎತ್ತುತ್ತೇನೆ. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಇರುತ್ತದೆ, ಅದನ್ನು ಕಿಂಡಿಗೆ ಬಿಡದೆ ಕ್ಯಾನಿನಲ್ಲಿ ಕೂಡಿಡುತ್ತೇನೆ.

ಇಷ್ಟಾದ ಮೇಲೆ 20×24 ಯಾಕೆ ಮಾಡಬಾರದು ಅಂತ ಕೇಳುವವರಿದ್ದಾರೆ. ಅದರ ಮೂಲೆಯಿಂದ ಮೂಲೆಗೆ 31 ಇಂಚು. ಮೇಲಿನ ಟ್ರೇಯಿಂದ ಎತ್ತಿ ಸೋರಿಸಬೇಕಾದರೆ ಕೈ ತಲೆಯ ಮೇಲೆ ಹೋಗಬೇಕು, ದ್ರಾವಣ ತೋಳಿನೊಳಗೆ ಇಳಿಯುತ್ತದೆ. ಟ್ರೇ ಅಟ್ಟಣಿಗೆಯೊಳಗೆ ಕೂರುವುದೂ ಇಲ್ಲ. ಆ ಅಳತೆಗೆ ಕಿರಿದಾದ ಉದ್ದನೆಯ ತೊಟ್ಟಿಗಳನ್ನು ಇಟ್ಟುಕೊಂಡು, ಹಾಳೆಯನ್ನು ಸುರುಳಿ ಬಿಚ್ಚುತ್ತಾ ಸುತ್ತುತ್ತಾ ದ್ರಾವಣದೊಳಗೆ ಹಾಯಿಸುವ ಪದ್ಧತಿ ಇದೆ. 20 ಇಂಚಿನ ಬದಿಯನ್ನು ಸುತ್ತಿದರೆ ತೊಟ್ಟಿಯ ಉದ್ದ 24ಕ್ಕಿಂತ ಚೂರು ಜಾಸ್ತಿ ಬೇಕು, 24ರ ಬದಿಯನ್ನು ಸುತ್ತಿದರೆ 20ಕ್ಕಿಂತ ಚೂರು ಜಾಸ್ತಿ. ಎರಡನೆಯದಾದರೆ ಅಟ್ಟಣಿಗೆಯ 23 ಇಂಚಿನೊಳಗೆ ಕೂರುತ್ತದೆ. ಮತ್ತೆ ರಟ್ಟು ಕತ್ತರಿಸಿ ಇಟ್ಟಿದ್ದೇನೆ.